ನೂರ ಹದಿನೆಂಟು ದಿನದ ಅಳಿಯ

ಮಾಗಡಿಯ ಆ ಬೀದಿಯಲ್ಲಿ ಅಂಬುಜಮ್ಮನ ನಾಲಿಗೆಗೆ ಅಂಜದವರು ಇರಲಿಲ್ಲ. ಯಾರ ಸೊಸೆ ಎಷ್ಟು ಹೊತ್ತಿಗೆ ಎದ್ದಳು, ಯಾರ ಮನೆಗೆ ಬಂದ ನೆಂಟರು ಎಷ್ಟು ದಿನ ಕೂತು ಉಂಡರು, ಎಲ್ಲಕ್ಕೂ ಅವಳ ಹತ್ತಿರ ಒಂದು ಮಾತು ತಯಾರಿರುತ್ತಿತ್ತು. ಅಂಥ ಹೆಂಗಸು ಈಗ ಮೂರು ದಿನದಿಂದ ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದಳು. ಮಗಳು ಭಾನುಪ್ರಿಯ ಅವಳಿಂದ ಕೇಳಿದ್ದು ಹೆಚ್ಚೇನಲ್ಲ, ಒಂದು ನಿಜವನ್ನು ಕಾಗದದ ಮೇಲೆ ಹೇಳಬೇಕು ಎಂದು, ಅಷ್ಟೆ.

ಭಾನುಪ್ರಿಯಳ ಗಂಡ ಮನೋಹರ ಕೈಲಾಂಚದವನು. ಕೆನಡಾದಲ್ಲಿ ರಸ್ತೆಗೆ ಡಾಂಬರು ಹಾಕುವ ಕೆಲಸ. ಹಿಮ ಬಿದ್ದ ಮೇಲೆ ಅಲ್ಲಿ ಯಾರೂ ಡಾಂಬರು ಹಾಕುವುದಿಲ್ಲವಾದ್ದರಿಂದ ಪ್ರತಿ ಚಳಿಗಾಲಕ್ಕೆ ಊರಿಗೆ ಬಂದು, ಯುಗಾದಿಯ ಆಸುಪಾಸಿನಲ್ಲಿ ವಾಪಸ್ ಹೋಗುತ್ತಾನೆ. ಅವನು ಆ ದೇಶದ ಪ್ರಜೆಯಾಗಿ ವರ್ಷಗಳಾದವು. ಭಾನುಪ್ರಿಯಳಿಗೆ ಮಾತ್ರ ಕಾಯಂ ನಿವಾಸಿಯ ಕಾರ್ಡು. ಮದುವೆಯಾಗಿ ಹೋಗಿ, ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಕೆಲಸ ಹಿಡಿದು, ಇನ್ನೇನು ಬೇರು ಬಿಡಬೇಕು ಅನ್ನುವಾಗ ಇಲ್ಲಿ ಅಪ್ಪ ಸಿದ್ದಯ್ಯನಿಗೆ ಲಕ್ವ ಹೊಡೆಯಿತು. ಒಬ್ಬಳೇ ಮಗಳು, ಓಡಿ ಬಂದಳು. ಅಪ್ಪ ಹಾಸಿಗೆ ಹಿಡಿದು ಒಂದೂವರೆ ವರ್ಷ ಇದ್ದು ತೀರಿಕೊಂಡ. ಅಷ್ಟರಲ್ಲಿ ಅವಳು ಬಸುರಿ, ಆಮೇಲೆ ಬಾಣಂತಿ, ಆಮೇಲೆ ಕೈಯಲ್ಲಿ ಕೂಸು. ಕಾರ್ಡಿನ ಅವಧಿ ಯಾವಾಗ ಮುಗಿಯಿತೋ ಯಾರೂ ನೋಡಲಿಲ್ಲ.

ಈಗ ಪುಟ್ಟಿಗೆ ಒಂದೂ ಮುಕ್ಕಾಲು ವರ್ಷ. ಅಪ್ಪನ ದೆಸೆಯಿಂದ ಅವಳೂ ಹುಟ್ಟುತ್ತಲೇ ಆ ದೇಶದವಳು. ಗಂಡ ಹೋಗಬಹುದು, ಮಗು ಹೋಗಬಹುದು, ನಡುವೆ ಇರುವ ಭಾನುಪ್ರಿಯ ಹೋಗಲಾರಳು. ಅವಳು ಮತ್ತೆ ಕಾಲಿಡಬೇಕಾದರೆ ಐದು ವರ್ಷದಲ್ಲಿ ಏಳುನೂರ ಮೂವತ್ತು ದಿನ ಅಲ್ಲಿ ವಾಸವಿದ್ದೆ ಎಂದು ತೋರಿಸಬೇಕು. ಅವಳು ಅಲ್ಲಿದ್ದದ್ದು ಮುನ್ನೂರ ಎಂಬತ್ತೊಂಬತ್ತು ದಿನ. ಆದರೆ ಆ ಕಾನೂನಿಗೂ ಒಂದಿಷ್ಟು ಕರುಳಿದೆ. ಪ್ರಜೆಯಾದ ಗಂಡನ ಜೊತೆ ಪರದೇಶದಲ್ಲಿ ಒಂದೇ ಮನೆಯಲ್ಲಿ ಬಾಳಿದರೆ ಆ ದಿನಗಳನ್ನೂ ವಾಸವೆಂದೇ ಎಣಿಸುತ್ತದೆ. ಕೈಲಾಂಚದ ಮನೆಯಲ್ಲಿ ಮೂರು ಚಳಿಗಾಲ ಗಂಡನ ಜೊತೆ ಇದ್ದದ್ದು ಇನ್ನೂರ ಎಪ್ಪತ್ತೆರಡು ದಿನ. ಅದಕ್ಕೆ ಕಾಗದಪತ್ರ ಎಲ್ಲ ಸರಿಯಾಗಿತ್ತು. ಎರಡೂ ಸೇರಿದರೆ ಆರುನೂರ ಅರವತ್ತೊಂದು, ಇನ್ನೂ ಅರವತ್ತೊಂಬತ್ತು ಕಡಿಮೆ.

ಉಳಿದದ್ದು ಬಾಣಂತನದ ಚಳಿಗಾಲ, ನೂರ ಹದಿನೆಂಟು ದಿನ. ಅದು ಸೇರಿದರೆ ದಾಟಿ ಹೋಗುತ್ತದೆ. ಅವಳ ಅರ್ಜಿ ನೋಡಿದ ವೀಸಾ ಕಚೇರಿಯವರು ಪತ್ರ ಬರೆದು ಕೇಳಿದ್ದು ಅದನ್ನೇ. ಆ ದಿನಗಳಲ್ಲಿ ನೀವು ಮಾಗಡಿಯಲ್ಲಿ ತಾಯಿಯ ಮನೆಯಲ್ಲಿದ್ದಿರಿ, ನಿಮ್ಮ ಗಂಡನ ವಿಳಾಸ ಕೈಲಾಂಚ ಅಂತಿದೆ. ಇಬ್ಬರೂ ಒಟ್ಟಿಗೆ ಬಾಳಿದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ಅವರಿಂದ ಬರೆಸಿ ಕಳಿಸಿ. ಮೂವತ್ತು ದಿನ ಗಡುವು.

ಕಂಡವಳು ಅಂಬುಜಮ್ಮ ಒಬ್ಬಳೇ. ಮಿಕ್ಕವರು ಯಾರೂ ಕಾಣದ ಹಾಗೆ ನೋಡಿಕೊಂಡವಳೂ ಅವಳೇ.

ಅದಕ್ಕೆ ಹಿಂದಿನದೊಂದು ಕಾರಣವಿತ್ತು. ಪಕ್ಕದ ಮನೆಯ ನಿಖಾತ್ ಹೊಲಿಗೆ ಹೊಲಿದು ಜೀವನ ಮಾಡುವವಳು. ಅವಳ ಮಗಳ ಬಾಣಂತನದಲ್ಲಿ ಅಳಿಯ ಕರೀಂ ಬಂದು ಇಪ್ಪತ್ತು ದಿನ ಅಲ್ಲೇ ತಂಗಿದ್ದ. ಬಾಣಂತಿ ಇರುವ ಮನೆಯಲ್ಲಿ ಅಳಿಯ ಠಿಕಾಣಿ ಹೂಡುವುದೇ? ಅಂಬುಜಮ್ಮನಿಗೆ ಹಬ್ಬವಾಯಿತು. ನಲ್ಲಿಯ ಹತ್ತಿರ ನಾಲ್ಕು ಜನ ಸೇರಿದಾಗ, "ನಿಖಾತ್ ಮನೇಲಿ ಬಾಣಂತಿ ಯಾರು ಅಂತ್ಲೇ ಗೊತ್ತಾಗಾಕಿಲ್ಲ ಕಣ್ರವ್ವ, ಅಳೀಮಯ್ಯನಿಗೂ ಎಣ್ಣೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡ್ತಾವ್ರಂತೆ!" ಎಂದಳು. ಬೀದಿಯೆಲ್ಲ ಒಂದು ತಿಂಗಳು ಆ ಮಾತನ್ನೇ ಅಗಿಯಿತು.

ಮಾರನೇ ವರ್ಷ ಅವಳದೇ ಮಗಳ ಬಾಣಂತನ. ಮನೋಹರ ಹೆರಿಗೆಗೆ ಒಂದು ವಾರ ಮುಂಚೆ ಬಂದ. ನಾಮಕರಣದವರೆಗಿನ ಹದಿನೆಂಟು ದಿನವನ್ನು ಬೀದಿ ಕ್ಷಮಿಸುತ್ತದೆ, ಮೊದಲ ಮಗು. ಆಮೇಲೆ ಅವನು ಕೈಲಾಂಚಕ್ಕೆ ಹೋಗಿ ಅಣ್ಣನ ಜೊತೆ ಇರಬೇಕಾದದ್ದು ಪದ್ಧತಿ. ಬ್ಯಾಗು ಹಿಡಿದು ಬಾಗಿಲವರೆಗೆ ಬಂದವನು ನಿಂತು, "ಅತ್ತೆ, ನಾನು ವರ್ಷಕ್ಕೆ ನಾಲ್ಕು ತಿಂಗಳು ಬರೋನು. ಅದನ್ನೂ ನಲವತ್ತು ಕಿಲೋಮೀಟರ್ ದೂರದಲ್ಲಿ ಕೂತು ಕಳೀಬೇಕಾ?" ಎಂದ. ಅಂಬುಜಮ್ಮ ಬ್ಯಾಗನ್ನು ಕಸಿದುಕೊಂಡು ಒಳಗಿನ ಕೋಣೆಯಲ್ಲಿಟ್ಟು, ಹೊರಗೆ ಬಂದು, ಅಳಿಯ ಕೆನಡಾಕ್ಕೆ ಹೊರಟುಬಿಟ್ಟ, ಅರ್ಜೆಂಟಾಗಿ ಕರೆಸಿಕೊಂಡರು ಎಂದು ಬೀದಿಗೆಲ್ಲ ಸಾರಿದಳು.

ಅಲ್ಲಿಂದ ಮುಂದೆ ನೂರು ದಿನ ಅವಳು ಪಟ್ಟ ಪಾಡು ಕಳ್ಳರಿಗೂ ಬೇಡ. ಅವನ ಪ್ಯಾಂಟು ಷರಟು ಅಟ್ಟದ ಮೇಲೆ ಒಣಗಿದವು. ಹೊರಗೆ ಹೋಗಬೇಕಾದರೆ ಹಿತ್ತಲಿನ ತೆಂಗಿನ ತೋಟ ಹಾದು ಹೋಗಬೇಕು, ಹಾಗೇ ಬರಬೇಕು. ಮಗುವಿಗೆ ದೃಷ್ಟಿಯಾಗುತ್ತದೆ ಎಂದು ಫೋಟೋ ತೆಗೆಯಲೂ ಬಿಡಲಿಲ್ಲ. ಇವತ್ತು ಆಧಾರಕ್ಕೆ ತೋರಿಸೋಣವೆಂದರೆ ಮೊಬೈಲಿನಲ್ಲಿ ಅಪ್ಪ ಮಗಳದು ಇದ್ದದ್ದು ಆರೇ ಆರು ಫೋಟೋ. ಒಂದರಲ್ಲೂ ಮನೆ ಯಾರದೆಂದು ತಿಳಿಯುವುದಿಲ್ಲ.

ಪತ್ರ ಬಂದ ದಿನ ಭಾನುಪ್ರಿಯ ಇದನ್ನೆಲ್ಲ ಬಿಡಿಸಿ ಹೇಳಿ, "ಅವ್ವ, ನೀನೊಂದು, ಅಕ್ಕಪಕ್ಕದೋರೊಬ್ರು ಒಂದು, ಎರಡು ಅಫಿಡವಿಟ್ ಆದ್ರೆ ಸಾಕು ಅಂತ ವಕೀಲರು ಹೇಳವ್ರೆ," ಎಂದಿದ್ದಳು.

"ಕೈಲಾಂಚದ ನಿಮ್ಮ ಭಾವನ್ನೇ ಕೇಳು," ಎಂದಳು ಅಂಬುಜಮ್ಮ.

"ಆಸ್ತಿ ಭಾಗ ಆದಾಗಿಂದ ಅವ್ರು ಇವರ ಮುಖ ನೋಡ್ತಾ ಇಲ್ಲ. ಅವರೇನು ಬರ್ಕೊಡ್ತಾರೆ?"

"ನೋಡಾನ ಬುಡು," ಎಂದು ಎದ್ದು ಹೋದವಳು ಮೂರು ದಿನವಾದರೂ ನೋಡಲಿಲ್ಲ.

ಬೀದಿಯ ಮುಂದೆ ತನ್ನ ಮಾನ ಹೋಗುತ್ತದೆ ಎಂದು ಅವಳು ಹಿಂಜರಿಯುತ್ತಿದ್ದಾಳೆ ಅಂತ ಮಗಳು ತಿಳಿದಳು. ಅಂಬುಜಮ್ಮನೂ ಮೊದಲ ದಿನ ಹಾಗೇ ತಿಳಿದಿದ್ದಳು. ಎರಡನೇ ದಿನ ಪುಟ್ಟಿಗೆ ರಾಗಿ ಸರಿ ತಿನ್ನಿಸುತ್ತಿರುವಾಗ ಅವಳಿಗೆ ತನ್ನ ಮನಸ್ಸು ನೆಟ್ಟಗೆ ಕಂಡಿತು. ತಾನು ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಕೂತರೆ ಸಾಕು. ಮೂವತ್ತು ದಿನ ಕಳೆಯುತ್ತದೆ, ಮಗಳು ಇಲ್ಲೇ ಉಳಿಯುತ್ತಾಳೆ, ಪುಟ್ಟಿಯೂ ಉಳಿಯುತ್ತಾಳೆ. ಕೇಳಿದವರಿಗೆ ಆ ದೇಶದವರ ಕಾನೂನು ಸರಿಯಿಲ್ಲ ಎಂದರೆ ಆಯಿತು. ಈ ಯೋಚನೆ ಬಂದಾಗ ಅವಳಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹಾಯೆನಿಸಿತು. ಅವತ್ತು ಹೋಳಿಗೆ ಮಾಡಿದಳು.

ಮೂರನೇ ದಿನ ಮಧ್ಯಾಹ್ನ ಭಾನುಪ್ರಿಯ ನಡುಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಏನೋ ಬರೆಯುತ್ತಿದ್ದಳು.

"ಏನವ್ವ ಅದು?" ಎಂದಳು ಅಂಬುಜಮ್ಮ.

"ಆ ನೂರ ಹದಿನೆಂಟು ದಿನಕ್ಕೆ ಸಾಕ್ಷಿ ಯಾರೂ ಇಲ್ಲ ಅಂತ ಬರೀತಾ ಇದೀನಿ."

"ಇನ್ನೂ ದಿನ ಐತಲ್ಲ."

"ಇರ್ಲಿ ಬುಡವ್ವ. ನೀನು ಈ ಬೀದೀಲಿ ತಲೆ ಎತ್ಕೊಂಡು ಬಾಳಿದೋಳು. ನನ್ನಿಂದ ನೀನು ಎಲ್ಲರ ಮುಂದೆ ಸಣ್ಣೋಳಾಗೋದು ಬ್ಯಾಡ. ಅವ್ರಿಗೂ ಫೋನ್ ಮಾಡಿ ಹೇಳ್ದೆ."

"ಏನಂದ?"

"ಏನಂತಾರೆ. ನಿಮ್ಮವ್ವನ್ನ ನೋಯಿಸಬ್ಯಾಡ ಅಂದ್ರು."

ಮಗಳು ಜಗಳವಾಡಿದ್ದರೆ ಅಂಬುಜಮ್ಮ ಗೆಲ್ಲುತ್ತಿದ್ದಳು. ಜಗಳ ಅವಳಿಗೆ ಹೊಸದಲ್ಲ. ಇಬ್ಬರೂ ಸೇರಿಕೊಂಡು ತನ್ನಲ್ಲಿಲ್ಲದ ಮರ್ಯಾದೆಯನ್ನು ತನಗೆ ಕಟ್ಟಿ, ಅದಕ್ಕಾಗಿ ತಮ್ಮ ಸಂಸಾರವನ್ನೇ ಬಿಟ್ಟುಕೊಡುತ್ತಿದ್ದರೆ ಏನು ಮಾಡುವುದು? "ಅದನ್ನ ಒಸಿ ಮುಚ್ಚು," ಎಂದು ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ಮನೆಗೆ ನಡೆದಳು.

ನಿಖಾತ್ ಸ್ಕೂಲ್ ಯೂನಿಫಾರಂ ಹೊಲಿಯುತ್ತ ಕೂತಿದ್ದಳು. ಅಂಬುಜಮ್ಮ ಕೂರಲಿಲ್ಲ. ನಿಂತಲ್ಲೇ ಹೇಳಿದಳು.

"ನಮ್ಮ ಅಳಿಯ ಕೆನಡಾಕ್ಕೆ ಹೋಗಿರ್ನಿಲ್ಲ ಕಣಮ್ಮ. ಬಾಣಂತನ ಪೂರ್ತಿ ನಮ್ಮನೇಲೇ ಇದ್ದ. ನಾನೇ ಸುಳ್ಳು ಹೇಳ್ದೆ."

ಮಿಷನ್ನಿನ ಸದ್ದು ನಿಂತಿತು. ನಿಖಾತ್ ಬಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

"ಅಯ್ಯೋ ಅಂಬುಜಕ್ಕ. ಹಸಿ ಬಾಣಂತೀನ ಬುಟ್ಟು ಹೋದ ಕಲ್ಲು ಮನಸ್ಸಿನೋನು ಅಂತ ಆ ಹುಡುಗನ್ನ ನಾನು ಬೀದಿಗೆಲ್ಲ ಬೈಕೊಂಡು ಬಂದ್ನಲ್ಲ! ನಿಮ್ಮ ಮುಂದೇನೇ ಬೈದೆ. ಹೂಂ ಅಂದ್ರಿ ನೀವು!"

"ಅಂದೆ."

"ದಿನಾ ಬೆಳಿಗ್ಗೆ ನಿಮ್ಮನೇಲಿ ಗಂಡಸಿನ ಧ್ವನಿ ಕೇಳ್ತಿತ್ತು, ಪುಟ್ಟೀ ಪುಟ್ಟೀ ಅಂತ. ಕೇಳಿದ್ರೆ ಫೋನು ಅಂದ್ರಿ."

"ಅದನ್ನೇ ಬರ್ದುಕೊಡು ನಿಖಾತು. ಇಲ್ಲಾಂದ್ರೆ ನನ್ನ ಮಗಳು ಗಂಡನ ಹತ್ರ ಹೋಗೋ ಹಂಗಿಲ್ಲ." ಎಂದು ಅಂಬುಜಮ್ಮ ಪತ್ರದ ವಿಷಯ, ಎಣಿಕೆಯ ವಿಷಯ ಎಲ್ಲ ಹೇಳಿದಳು.

ನಿಖಾತ್ ಹೊಲಿಗೆಯ ದಾರ ಕತ್ತರಿಸಿದಳು. ಆಮೇಲೆ ಆಡಿದ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಅದೇ ಅಂಬುಜಮ್ಮನಿಗೆ ಕಷ್ಟವಾಯಿತು. "ಸಾಂಬ್ರಾಣಿ ಹೊಗೆ ಅಂದ್ರಲ್ಲ ಅಕ್ಕ, ಆ ಮಾತು ಕರೀಂ ಕಿವಿಗೂ ಬಿತ್ತು. ಮಾರನೇ ದಿನಾನೇ ಹೊಂಟ. ಅವತ್ತಿಂದ ಇವತ್ತಿನವರೆಗೂ ನಮ್ಮನೇಲಿ ಒಂದು ದಿನ ಉಳ್ಕೊಂಡಿಲ್ಲ. ಹಬ್ಬಕ್ಕೆ ಬಂದ್ರೂ ಊಟ ಮಾಡಿ ಬಸ್ಸು ಹತ್ತಾನೆ. ನನ್ನ ಮಗಳೂ ಅವನ ಜೊತೇಲೆ ಹೊಂಟೋಯ್ತಾಳೆ."

ಅಂಬುಜಮ್ಮ ಎಷ್ಟೋ ಜನರ ಬಾಯಿಂದ ತಪ್ಪಾಯಿತು ಎಂದು ಹೇಳಿಸಿದ್ದಳು. ತಾನು ಹೇಳಿ ಅಭ್ಯಾಸವಿರಲಿಲ್ಲ. ಗೋಡೆಗೆ ಒರಗಿಸಿಟ್ಟ ಬಟ್ಟೆಯ ಗಂಟನ್ನು ನೋಡುತ್ತ, "ತಪ್ಪಾಯ್ತು," ಎಂದಳು. ಅದು ಸಾಲದು ಅನಿಸಿ, "ದೊಡ್ಡ ತಪ್ಪಾಯ್ತು ಕಣಮ್ಮ," ಎಂದಳು.

"ಬರ್ದುಕೊಡ್ತೀನಿ," ಎಂದಳು ನಿಖಾತ್. "ನಿಮಗೋಸ್ಕರ ಅಲ್ಲ. ಆ ಹುಡುಗನ್ನ ಬೈದಿದ್ನಲ್ಲ, ಅದಕ್ಕೆ."

ಮಾರನೇ ದಿನ ಹನ್ನೊಂದು ಗಂಟೆಗೆ ಮೂವರೂ ಹೆಂಗಸರು, ಜೊತೆಗೆ ಪುಟ್ಟಿ, ತಾಲ್ಲೂಕು ಕಚೇರಿಯ ಎದುರಿಗಿದ್ದ ನೋಟರಿ ದೇವರಾಜನ ಅಂಗಡಿಯಲ್ಲಿ ಕೂತಿದ್ದರು. ಜಮೀನು, ಜಾತಿ ಪತ್ರ, ಹೆಸರು ತಿದ್ದುಪಡಿ ಇವುಗಳಲ್ಲೇ ಕೂದಲು ನರೆಸಿಕೊಂಡವನು ದೇವರಾಜ. ಅಳಿಯ ಮನೆಯಲ್ಲಿದ್ದ ಎಂದು ಅತ್ತೆ ಪ್ರಮಾಣ ಮಾಡುವ ಕೇಸು ಅವನ ಕೈಗೆ ಬಂದಿರಲಿಲ್ಲ. ಮೊದಲು ನಿಖಾತಳದು ಮುಗಿಯಿತು. ಕಂಡದ್ದು ಹದಿನೆಂಟು ದಿನ, ಕೇಳಿಸಿದ್ದು ನೂರು ದಿನ, ಎಂದು ಅವಳು ಬಿಗಿಯಾಗಿ ಹೇಳಿದಳು. ಒಂದು ದಿನ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆಮೇಲೆ ಅಂಬುಜಮ್ಮನ ಸರದಿ. ಅಳಿಯ ಎಲ್ಲಿ ಮಲಗುತ್ತಿದ್ದ, ಏನು ಉಣ್ಣುತ್ತಿದ್ದ, ಮಗುವಿನ ಬಟ್ಟೆ ಯಾರು ಒಗೆಯುತ್ತಿದ್ದರು, ದೇವರಾಜ ಕೇಳುತ್ತ ಹೋದ, ಅವಳು ಹೇಳುತ್ತ ಹೋದಳು. ಒಗೆಯುತ್ತಿದ್ದದ್ದು ಅಳಿಯನೇ. ಬಿಸಿನೀರಿನ ಹಂಡೆ ಎತ್ತುತ್ತಿದ್ದದ್ದೂ ಅವನೇ.

"ಇಷ್ಟು ಚೆನ್ನಾಗಿದ್ದ ಅಂದ್ಮೇಲೆ ಯಾಕಮ್ಮ ಬಚ್ಚಿಟ್ರಿ? ಅವರು ಕೇಳ್ತಾರೆ. ಸಾಮಾಜಿಕ ಕಾರಣಗಳಿಂದ ಅಂತ ಹಾಕ್ಲಾ?"

"ಅದೆಲ್ಲ ಬ್ಯಾಡ ಸ್ವಾಮಿ. ಪಕ್ಕದ ಮನೆ ಅಳಿಯನ್ನ ಆಡ್ಕೊಂಡು ನಗಾಡಿದ್ದೆ, ನನ್ನ ಅಳಿಯ ಅವ್ನೆ ಅಂತ ಹೇಳಾಕೆ ಮುಖ ಇರ್ನಿಲ್ಲ ಅಂತ ಬರ್ಕೊಳಿ."

ದೇವರಾಜ ನಿಖಾತಳ ಕಡೆ ನೋಡಿದ. ಅವಳು ಪುಟ್ಟಿಯ ಲಂಗದ ಅಂಚು ಸರಿಮಾಡುತ್ತಿದ್ದಳು. ಅಂಬುಜಮ್ಮ ಹೇಳಿದ್ದನ್ನು ಹೇಳಿದ ಹಾಗೇ ಅವನು ಟೈಪು ಮಾಡಿದ, ಇಂಗ್ಲಿಷಿಗೂ ಇಳಿಸಿದ, ಎರಡನ್ನೂ ಗಟ್ಟಿಯಾಗಿ ಓದಿ ತೋರಿಸಿದ.

"ಇನ್ನೇನಾದ್ರೂ ಸೇರಿಸೋದು ಐತಾ?"

ಕೂಡಲೇ ಇಲ್ಲ ಅನ್ನಬಹುದಿತ್ತು. ಅಂಬುಜಮ್ಮ ಮೇಜಿನ ಮೇಲಿದ್ದ ಪೆನ್ನನ್ನು ಕೈಗೆ ತೆಗೆದುಕೊಂಡಳು, ಮತ್ತೆ ಕೆಳಗಿಟ್ಟಳು.

"ಐತೆ. ಪತ್ರ ಬಂದ್ಮೇಲೆ ನಾನು ಮೂರು ದಿನ ಬಾಯಿ ಬಿಡ್ನಿಲ್ಲ. ಮಾನ ಮರ್ಯಾದೆಗೆ ಅಂಜಿ ಅಂತ ನನ್ನ ಮಗಳು ಅಂದ್ಕೊಂಡವ್ಳೆ. ಅದಕ್ಕಲ್ಲ. ನಾನು ಹೇಳ್ದಿದ್ರೆ ಇವಳು ಹೋಗಾಕಾಗಾಕಿಲ್ಲ, ನನ್ನತ್ರಾನೇ ಇರ್ತಾಳೆ ಅಂತ ಸುಮ್ಕಿದ್ದೆ. ಅವತ್ತು ಹೋಳಿಗೆ ಮಾಡಿದ್ದೂ ಅದೇ ಖುಷಿಗೆ."

ಭಾನುಪ್ರಿಯ ಅವ್ವನ ಮುಖವನ್ನೇ ನೋಡುತ್ತಿದ್ದಳು, ಅವ್ವ ಅವಳ ಕಡೆ ತಿರುಗಲಿಲ್ಲ. ದೇವರಾಜ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು, ಮೆಲ್ಲಗೆ, "ಇದನ್ನೂ ಬರೀಬೇಕಾ ಅಮ್ಮ?" ಎಂದ.

"ಬ್ಯಾಡ," ಎಂದಳು ಅಂಬುಜಮ್ಮ. "ಅದು ಅವರಿಗಲ್ಲ, ಇವಳಿಗೆ ಹೇಳಿದ್ದು." ಹೇಳಿ, ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದಳು.