ರೌನೋ ಹಂಚಿದ ಬಿಸಿಲು

ಡಿಸೆಂಬರಿನಲ್ಲಿ, ಉತ್ತರ ಧ್ರುವದ ಕಡೆಯ ಊರಾದ ಸೊದಾಂಕ್ಯುಲದ ಸೂರ್ಯ, ಹಾಜರಿ ಹಾಕಿ ಮಾಯವಾಗುವ ನೌಕರನ ಹಾಗೆ, ನಡುಮಧ್ಯಾಹ್ನ ಕಾಡಿನ ಅಂಚಿಗೆ ಒಂದಿಷ್ಟು ನೀಲಿ ಬೆಳಕು ಬಳಿದು ಹೋಗಿಬಿಡುತ್ತಾನೆ. ಹದಿನೇಳರ ಹೆಲ್ಕಾ ಅವನನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. ಊರಿನ ಸ್ಕೀ ತಂಡದಲ್ಲಿ ಅವಳೇ ಚುರುಕು. ಕಣ್ಣೆರಡು ಬಿಟ್ಟು ಮೈಯೆಲ್ಲ ಮುಚ್ಚಿಕೊಂಡು, ದೀಪದ ಕಂಬಗಳ ಕೆಳಗೆ ಹಿಮದ ಹಾದಿಯಲ್ಲಿ ಜಾರುತ್ತಲೇ ಬೆಳೆದವಳು.

ಆ ಚಳಿಗಾಲ ಅವಳ ಮೊಣಕಾಲ ಕೆಳಗಿನ ಮೂಳೆ ನೋಯತೊಡಗಿತು. ಮೊದಮೊದಲು ಓಟ ಮುಗಿದ ಮೇಲೆ, ಆಮೇಲೆ ಮೆಟ್ಟಿಲು ಹತ್ತುವಾಗಲೂ. ಕೋಚ್ ರೌನೋಗೆ ಹೇಳಿದಳು. ಮನುಷ್ಯನ ದೇಹದ ಬಗ್ಗೆ ಓದದೆಯೇ ಎಲ್ಲವನ್ನೂ ತಿಳಿದುಕೊಂಡಿದ್ದ ಪುಣ್ಯಾತ್ಮ ಅವನು.

"ನೋವು ಕಾಲಲ್ಲಿಲ್ಲ ಕಣೇ, ತಲೇಲಿದೆ. ನಾಳೆಯಿಂದ ತಲೇನ ಮನೇಲಿಟ್ಟು, ಬರೀ ಕಾಲು ತಗೊಂಡ್ ಬಾ."

ಹೆಲ್ಕಾ ವಿಧೇಯಳಾಗಿ ಹಾಗೆಯೇ ಮಾಡಿದಳು. ಜನವರಿಯ ಒಂದು ಸ್ಪರ್ಧೆಯ ಅರ್ಧದಲ್ಲಿ ಕಾಲು ಮುಷ್ಕರ ಹೂಡಿತು. ಅಮ್ಮ ಡಾಕ್ಟರ್ ಇಂಕೇರಿಯ ಬಳಿ ಕರೆದೊಯ್ದಳು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ರಕ್ತದಲ್ಲಿ ವಿಟಮಿನ್ ಡಿ ತಳ ಕಂಡಿತ್ತು. ಬಿಸಿಲೇ ಬೀಳದ ಊರಿನಲ್ಲಿ ಆಡುವ ಮಕ್ಕಳಲ್ಲಿ ಇದು ಅಪರೂಪವೇನಲ್ಲ, ಬಿರುಕಿಗೆ ಅದೂ ಒಂದು ಕಾರಣವಿದ್ದೀತು ಎಂದ ಡಾಕ್ಟರ್, ವಿಶ್ರಾಂತಿಯನ್ನೂ ದಿನಕ್ಕೊಂದು ಸಣ್ಣ ಗುಳಿಗೆಯನ್ನೂ ಬರೆದುಕೊಟ್ಟಳು.

ರೌನೋ ತಪ್ಪೊಪ್ಪಿಕೊಳ್ಳಲಿಲ್ಲ, ಅದಕ್ಕಿಂತ ಅಪಾಯದ ಕೆಲಸ ಮಾಡಿದ, ಅಂತರ್ಜಾಲದಲ್ಲಿ ಓದಿದ. ಕೆಲವೇ ದಿನಗಳಲ್ಲಿ ವಿಟಮಿನ್ ಡಿ ಅವನೇ ಕಂಡುಹಿಡಿದದ್ದಾಯಿತು. ಎಲ್ಲಿಂದಲೋ ಹಳದಿ ಗುಳಿಗೆಗಳ ದೊಡ್ಡ ಡಬ್ಬಿಗಳನ್ನು ತರಿಸಿದ. ಅಭ್ಯಾಸ ಮುಗಿದ ಮೇಲೆ ಮಕ್ಕಳನ್ನು, ಬರೀ ನೋಡಲು ಬರುತ್ತಿದ್ದ ಹೆಲ್ಕಾಳನ್ನೂ ಸೇರಿಸಿ, ಸಾಲಾಗಿ ನಿಲ್ಲಿಸಿ, ಅಂಗೈಗೆ ಬಿಸಿಲು ಹಂಚತೊಡಗಿದ.

ಡಾಕ್ಟರ್ ಕೊಟ್ಟದ್ದನ್ನು ಮನೆಯಲ್ಲಿ ನುಂಗುತ್ತಿದ್ದೇನೆಂದು ಹೆಲ್ಕಾ ಅಂದಾಗ ಅವನಿಗೆ ನಗು ಬಂತು. "ಅದು ಬೆಕ್ಕಿನ ಮರಿಗೆ ಕೊಡೋ ಅಳತೆ. ನೀನು ಓಡಬೇಕಾ, ಮಿಯಾಂವ್ ಅನ್ನಬೇಕಾ?"

ತಂಡದಿಂದ ಹೊರಬಿದ್ದೇನೆಂಬ ಹೆದರಿಕೆಗೆ ಹೆಲ್ಕಾ ಎರಡನ್ನೂ ನುಂಗಿದಳು. ಕಾಲು ವಾಸಿಯಾಯಿತು, ಹೊಟ್ಟೆ ಕೆಟ್ಟಿತು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಅಮ್ಮನ ಸಾಲ್ಮನ್ ಸಾರಿನ ವಾಸನೆಗೇ ವಾಕರಿಕೆ. ರೌನೋನ ಪ್ರಕಾರ ಅದು ದೇಹ ಗಟ್ಟಿಯಾಗುತ್ತಿರುವ ಲಕ್ಷಣ. ಕಡೆಗೊಂದು ದಿನ ಅವಳು ಹಳದಿ ಡಬ್ಬಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಇಂಕೇರಿಯ ಎದುರು ಹೋಗಿ ಕೂತಳು. ಡಬ್ಬಿಯ ಚೀಟಿ ಓದುತ್ತಿದ್ದ ಹಾಗೆ ಇಂಕೇರಿಯ ಹುಬ್ಬು ಮೇಲೇರಿತು. ವಿಟಮಿನ್ ಡಿ ಅತಿಯಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಉಕ್ಕಿತ್ತು. ಎಲ್ಲ ಗುಳಿಗೆಗಳನ್ನೂ ನಿಲ್ಲಿಸಿದಳು. ಮಿಕ್ಕ ಮಕ್ಕಳ ಮನೆಗಳಿಗೂ ಫೋನು ಹೋಯಿತು.

"ಡಾಕ್ಟರುಗಳಿಗೆ ಹೊಟ್ಟೆಕಿಚ್ಚು," ಎಂದ ರೌನೋ. ಮಕ್ಕಳು ಬಿಟ್ಟ ಪಾಲನ್ನು, ದಂಡವಾಗಬಾರದೆಂದು, ತಾನೇ ನುಂಗತೊಡಗಿದ.

ಏಪ್ರಿಲ್‌ನಲ್ಲಿ, ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುವ ದಿನಗಳಲ್ಲಿ, ಹೆಲ್ಕಾ ಮತ್ತೆ ಹಾದಿಗಿಳಿದಳು. ಒಂದು ದಿನ ಕಾಡಿನ ಒಳಗೆ ಅವಳೂ ಕೋಚೂ ಇಬ್ಬರೇ ಇದ್ದರು. ರೌನೋ ಇದ್ದಕ್ಕಿದ್ದಂತೆ ಪಕ್ಕೆ ಹಿಡಿದುಕೊಂಡು ಹಿಮದಲ್ಲಿ ಹೊರಳಾಡಿದ. ರಸ್ತೆ ದೂರವಿತ್ತು, ಫೋನು ಸತ್ತಂತಿತ್ತು. ಹೆಲ್ಕಾ, ಅವನು ಎಳೆದು ತಂದಿದ್ದ ಸಾಮಾನಿನ ಜಾರುಬಂಡಿಯನ್ನು ಖಾಲಿ ಮಾಡಿ, ಅವನನ್ನು ಉರುಳಿಸಿ ಮಲಗಿಸಿ, ಹಗ್ಗವನ್ನು ಸೊಂಟಕ್ಕೆ ಬಿಗಿದು ಹೊರಟಳು. ಎದೆಯಲ್ಲಿ ಕನಿಕರವಿತ್ತು; ಸಣ್ಣದೊಂದು ಖುಷಿಯೂ ಇತ್ತು, ಅದಕ್ಕವಳು ನಾಚಲಿಲ್ಲ.

ಏರಿನಲ್ಲಿ ಹಿಂದಿನಿಂದ ನರಳಾಟದ ನಡುವೆ ಮಾತು ಕೇಳಿತು. "ಮೊಣಕೈ... ನಿನ್ನ ಎಡಗಡೆ ಮೊಣಕೈ ಅಗಲ ಆಗ್ತಿದೆ, ಒಳಗೆ ತಗೋ..."

"ಕೋಚ್, ಬಾಯಿ ಮುಚ್ಚಿಕೊಂಡು ಮಲಗಿ. ಇಲ್ಲಾಂದ್ರೆ ಹಗ್ಗ ಬಿಚ್ತೀನಿ."

ಅವನು ಬಾಯಿ ಮುಚ್ಚಿದ. ತಂಡದ ಇತಿಹಾಸದಲ್ಲೇ ಅದು ಮೊದಲು.

ರೌನೋನ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿಕೊಂಡಿತ್ತು. ಹಳದಿ ಗುಳಿಗೆ ಎಷ್ಟು ನುಂಗಿದಿರಿ ಎಂದು ಇಂಕೇರಿ ಕೇಳಿದ್ದಕ್ಕೆ, ದಂಡವಾಗಬಾರದಲ್ಲ ಎಂದನಂತೆ.

ತಂಡದ ಬೇಸಿಗೆಯ ಸಭೆಯಲ್ಲಿ ರೌನೋ ಎದ್ದು ನಿಂತು, ರಕ್ತಪರೀಕ್ಷೆಯಿಲ್ಲದೆ, ಡಾಕ್ಟರರ ಮಾತಿಲ್ಲದೆ ಯಾರೂ ಗುಳಿಗೆ ಮುಟ್ಟಕೂಡದೆಂದು, ತಾನು ಮೊದಲಿನಿಂದ ಹೇಳುತ್ತಿದ್ದ ಮಾತೆಂಬಂತೆ ಗುಡುಗಿದ. ತಾಯಂದಿರು ಚಪ್ಪಾಳೆ ತಟ್ಟಿದರು. ಹೆಲ್ಕಾಳ ರಕ್ತ ಅಷ್ಟರಲ್ಲಿ ಹದಕ್ಕೆ ಬಂದಿತ್ತು. ದಿನಕ್ಕೊಂದು ಸಣ್ಣ ಗುಳಿಗೆ ಮತ್ತೆ ಶುರುವಾಗಿತ್ತು. ಮುಂದಿನ ಚಳಿಗಾಲ ಅವಳು ಪ್ರಾಂತದ ಸ್ಪರ್ಧೆ ಗೆದ್ದಳು. ಊರಿನ ಪತ್ರಿಕೆಯವರು ಗುಟ್ಟೇನೆಂದು ಕೇಳಿದಾಗ ಅವಳು ಬಾಯಿ ತೆರೆಯುವ ಮೊದಲೇ ರೌನೋ ಮುಂದೆ ಬಂದ.

"ಭಾರ ಎಳೆಯೋ ಅಭ್ಯಾಸ," ಎಂದ. "ಅದು ನನ್ನದೇ ಪದ್ಧತಿ."