ನಲವತ್ತೊಂದನೇ ಲೆವೆಲ್ಲಿನ ಸುಟ್ಟ ಅಂಗಿ

ನಾಲ್ಕು ಗಂಟೆಗೆ ಮೊಬೈಲ್ ರಿಪೇರಿಯವನು ಅಂಗಡಿ ನೋಡಲು ಬರುವವನಿದ್ದ. ನೋಡಲು ಅನ್ನುವುದು ಬಾಯಿಮಾತಿಗೆ. ಅವನು ಆಗಲೇ ಎರಡು ಸಲ ನೋಡಿ ಹೋಗಿದ್ದ, ಟೇಪು ಹಿಡಿದು ಗೋಡೆ ಅಳೆದಿದ್ದ, ನನ್ನ ಇಸ್ತ್ರಿ ಮೇಜು ಇರುವ ಜಾಗಕ್ಕೆ ತನ್ನ ಗಾಜಿನ ಕೌಂಟರು ಸರಿಯಾಗಿ ಕೂರುತ್ತದೆ ಎಂದು ನನ್ನೆದುರಿಗೇ ನನ್ನ ತಮ್ಮನಿಗೆ ಹೇಳಿದ್ದ. ಇವತ್ತು ಬರುತ್ತಿದ್ದದ್ದು ಬೀಗದ ಕೈ ತೆಗೆದುಕೊಂಡು ಹೋಗಲು. ಮೂರೂ ಕಾಲಾಗಿತ್ತು, ನಾನು ಅದೇ ಮೇಜಿನ ಮುಂದೆ ಕೂತು ಫೋನಿನಲ್ಲಿ ಆಟ ಆಡುತ್ತಿದ್ದೆ.

ಇದನ್ನು ಕೇಳಿದವರು ಈಕೆಗೆ ತಲೆ ಕೆಟ್ಟಿದೆ ಅನ್ನಬಹುದು. ತಮ್ಮನ ತಕರಾರೂ ಅದೇ ಆಗಿತ್ತು.

ತಿಂಗಳ ಹಿಂದೆ ಮೇಲಿನ ಕಂಬಿಯಿಂದ ಹ್ಯಾಂಗರ್ ತೆಗೆಯಲು ಸ್ಟೂಲು ಹತ್ತಿದವಳು ಸ್ಟೂಲಿನ ಸಮೇತ ಕೆಳಗೆ ಬಂದಿದ್ದೆ. ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಒಂದು ವಾರ ಆಸ್ಪತ್ರೆ, ಮೂರು ವಾರ ಮನೆ. ಹೊಲಿಗೆ ಬಿಚ್ಚಿದ ಡಾಕ್ಟರು ಗಾಯವೇನೋ ಮಾಗಿದೆ, ಕೆಲಸಕ್ಕೆ ಆತುರ ಬೇಡ, ಮನೆಯವರು ಸ್ವಲ್ಪ ದಿನ ಗಮನಿಸಲಿ ಅಂದರು. ಅಂದಿನಿಂದ ತಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನನ್ನನ್ನು ಕಾಯತೊಡಗಿದ. ನಾನು ಕೇಳಿದ್ದನ್ನೇ ಮತ್ತೆ ಕೇಳುತ್ತೇನಂತೆ. ಕನ್ನಡಕ ಹಣೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನಂತೆ. ಬೀಳುವ ಮುಂಚೆಯೂ ಹುಡುಕುತ್ತಿದ್ದೆ, ಆಗ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು.

ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಅವನು ಎಲೆಕ್ಟ್ರಿಷಿಯನ್. ಬೆಂಕಿ ಬಿದ್ದ ಮನೆಗಳಲ್ಲಿ ಕರಗಿದ ವೈರು ಕೀಳುವ ಕೆಲಸಕ್ಕೆ ಅವನನ್ನು ಕರೆಯುತ್ತಾರೆ, ಅಂಥ ದಿನ ಬಂದು ಊಟ ಮಾಡದೆ ಮಲಗುತ್ತಾನೆ. ನಮ್ಮ ಮನೆ ಇರುವುದು ಅಂಗಡಿಯ ನೆತ್ತಿಯ ಮೇಲೆ. ಅವನು, ಅವನ ಹೆಂಡತಿ, ಮಗಳು, ನಾನು. ಇಳಿಯಲು ಇರುವುದು ಒಂದೇ ಮರದ ಮೆಟ್ಟಿಲು, ಅದೂ ಅಂಗಡಿಯ ಒಳಗಿನಿಂದ. ಕೆಳಗೆ ಏನಾದರೂ ಹೊತ್ತಿಕೊಂಡರೆ ಮೇಲಿದ್ದವರ ಗತಿ ಏನು ಎಂದು ಅವನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ.

ಅಂಗಡಿ ಹೋದರೆ ನನಗೆ ಏನು ಉಳಿಯುತ್ತದೆ ಎನ್ನುವುದು ಅವನಿಗೂ ಗೊತ್ತಿತ್ತು. ಮದುವೆ, ಗಂಡ ಎರಡೂ ಬಂದು ಹೋದ ಮೇಲೆ ನಾನು ನನ್ನದು ಅಂದದ್ದು ಈ ಹತ್ತಡಿ ಜಾಗ ಒಂದನ್ನೇ. ಮೂವತ್ತು ವರ್ಷ ಈ ಬೀದಿಯ ಅಂಗಿಗಳೆಲ್ಲ ನನ್ನ ಕೈ ಕೆಳಗೆ ನೆಟ್ಟಗಾಗಿವೆ. ಇದನ್ನು ಮುಚ್ಚಿದರೆ ನಾನು ಮೇಲಿನ ಮನೆಯ ಮೂಲೆಯಲ್ಲಿ ಕೂತು, ಯಾರು ಬಂದರು, ಯಾರು ಹೋದರು ಎಂದು ವಿಚಾರಿಸುವ ಮುದುಕಿ ಆಗುತ್ತೇನೆ. ಐವತ್ತೆರಡಕ್ಕೇ.

ಹಾಗಾಗಿ ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆ ಸರಿಸಿ ಹೇಳಿಬಿಟ್ಟೆ.

"ತಲೆ ಸರಿಯಿಲ್ಲ ಅಂತ ತಾನೇ ನಿನ್ನ ಮಾತು? ಪರೀಕ್ಷೆ ಮಾಡು. ಸೋತರೆ ಬೀಗದ ಕೈ ನಾನೇ ಅವನಿಗೆ ಕೊಡ್ತೀನಿ. ಗೆದ್ದರೆ ನೀನೇ ಅವನನ್ನ ವಾಪಸ್ ಕಳಿಸಬೇಕು."

ಯಾವ ಪರೀಕ್ಷೆ ಎಂದು ಅವನು ಕೇಳಿದ. ನಾನು ಅವನ ಮಗಳ ಫೋನು ತೋರಿಸಿದೆ. ಬೀಳುವ ಮುಂಚೆ, ಅಂಗಡಿಯಲ್ಲಿ ಬಟ್ಟೆ ಕಡಿಮೆ ಇರುವ ಹೊತ್ತಿನಲ್ಲಿ, ಅವಳೂ ನಾನೂ ಸೇರಿ ಆಡುತ್ತಿದ್ದ ಆಟ ಅದು. ಒಂದೊಂದು ಲೆವೆಲ್ಲಿಗೂ ಒಂದು ಮನೆ, ಅಲ್ಲೊಂದು ಅನಾಹುತ, ನಾಲ್ಕು ಜನರ ಹೇಳಿಕೆ, ಒಂದಷ್ಟು ಚಿತ್ರ. ಯಾರು ಮಾಡಿದ್ದು ಎಂದು ಹುಡುಕಿ ಅವರ ಮುಖದ ಮೇಲೆ ಒತ್ತಬೇಕು. ಮೂರು ಕೆಂಪು ಹೃದಯ ಕೊಟ್ಟಿರುತ್ತಾರೆ, ತಪ್ಪಿದಾಗಲೆಲ್ಲ ಒಂದು ಆರುತ್ತದೆ. ನಲವತ್ತು ಲೆವೆಲ್ ದಾಟಿದ್ದೆವು, ಅದರಲ್ಲಿ ಮೂವತ್ತಾದರೂ ನನ್ನ ತಲೆಯಿಂದ ಬಂದದ್ದು. ತಮ್ಮನಿಗೂ ಅದು ಗೊತ್ತಿತ್ತು, ಒಪ್ಪಿದ. ಆಮೇಲೆ ಗೊತ್ತಾದದ್ದು ಏನೆಂದರೆ, ನಲವತ್ತೊಂದನೆಯದರಲ್ಲಿ ಅವನ ಮಗಳು ಬೆಳಿಗ್ಗೆಯೇ ಕೈ ಆಡಿಸಿ ಎರಡು ಹೃದಯ ಕಳೆದಿದ್ದಳು. ಉಳಿದದ್ದು ಒಂದು. ಅದೂ ಹೋದರೆ ನಾಳೆಯವರೆಗೆ ಆಟ ತೆರೆಯುವುದಿಲ್ಲ.

ಲೆವೆಲ್ಲಿನ ಕಥೆ ನೋಡಿ ನನಗೆ ನಗು ಬಂತು. ವಕೀಲರೊಬ್ಬರ ಮನೆ. ದೊಡ್ಡ ಕೇಸಿನ ದಿನ ಬೆಳಿಗ್ಗೆ, ಹಾಕಿಕೊಂಡು ಹೋಗಬೇಕಾದ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲಿ ಸುಟ್ಟ ಗುರುತು. ಬೇಕೆಂದೇ ಯಾರೋ ಸುಟ್ಟಿದ್ದಾರೆ. ಮನೆಯಲ್ಲಿದ್ದವರು ಕೆಲಸದಾಕೆ, ಗುಮಾಸ್ತ, ಡ್ರೈವರ್ ಮತ್ತು ವಕೀಲರ ಭಾವಮೈದ. ಕೆಲಸದಾಕೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ ಅನ್ನುತ್ತಾಳೆ, ಕಿಟಕಿಯ ಹೊರಗೆ ನೋಡಿದರೆ ಮಳೆ. ಸುಳ್ಳು ಸಿಕ್ಕಿತೆಂದು ತಮ್ಮನ ಮಗಳು ಅವಳನ್ನು ಒತ್ತಿದ್ದಳು, ತಪ್ಪು. ಗುಮಾಸ್ತನಿಗೂ ವಕೀಲರಿಗೂ ಹಿಂದಿನ ದಿನ ಜಗಳ ಆಗಿತ್ತು ಎಂದು ಅವನನ್ನು ಒತ್ತಿದ್ದಳು, ಅದೂ ತಪ್ಪು.

ಬಾಗಿಲಲ್ಲಿ ಕೈ ಕಟ್ಟಿಕೊಂಡು ರಸ್ತೆ ನೋಡುತ್ತಿದ್ದ ತಮ್ಮ, ಮಗಳು ನನಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಂದು ಮಾತು ಹೇಳಿದ. ಹೇಳಬಾರದಿತ್ತು ಅನ್ನಿಸಿದರೂ ನ್ಯಾಯದ ಮಾತೇ.

"ಉಳಿದವರು ಇಬ್ಬರು. ಕಣ್ಣು ಮುಚ್ಚಿ ಒತ್ತಿದ್ರೂ ಸರಿಯಾಗಬಹುದು. ಯಾರು ಅನ್ನೋದು ಸಾಲದು ಅಕ್ಕ. ಯಾಕೆ ಅಂತ ನನಗೆ ಹೇಳಿ, ಆಮೇಲೆ ಒತ್ತು."

ಸರಿ ಅಂದೆ. ಹೇಳಿಕೆಗಳನ್ನು ಓದತೊಡಗಿದೆ. ಡ್ರೈವರ್ ಕಾರು ಒರೆಸುತ್ತಿದ್ದನಂತೆ. ಭಾವಮೈದ ಬೆಳಗಿನಿಂದ ಹಾಲ್ ಬಿಟ್ಟು ಕದಲದೆ ಟೀ ಕುಡಿಯುತ್ತ ಪೇಪರ್ ಓದುತ್ತಿದ್ದನಂತೆ. ಗುಮಾಸ್ತ ಫೈಲು ಜೋಡಿಸುತ್ತಿದ್ದನಂತೆ. ಡ್ರೈವರ್ ಕಾರು ಒರೆಸುತ್ತಿದ್ದನಂತೆ. ಇದನ್ನು ಆಗಲೇ ಓದಿದ್ದೆ ಎಂದು ನನಗೆ ಹೊಳೆದದ್ದು ಮೂರನೇ ಸಲಕ್ಕೆ. ಓದಿದ ಸಾಲು ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಇನ್ನೊಂದು ಸಾಲಿಗೆ ಹೋಗುವಷ್ಟರಲ್ಲಿ ಜಾರುತ್ತಿತ್ತು. ಪಕ್ಕದಲ್ಲಿ ಕೂತ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಏನೋ ಆಳವಾಗಿ ಯೋಚಿಸುವವಳ ಹಾಗೆ ಗಲ್ಲಕ್ಕೆ ಕೈ ಕೊಟ್ಟು ಕೂತೆ. ನಿಜ ಹೇಳಬೇಕೆಂದರೆ ಹೆದರಿದ್ದೆ.

ಮೂರೂ ನಲವತ್ತಾಯಿತು. ಹುಡುಗಿ ನನ್ನ ಕಿವಿಯ ಹತ್ತಿರ ಬಾಗಿ, ಇಸ್ತ್ರಿ ಕೋಣೆಯ ನೆಲದ ಚಿತ್ರ ತೋರಿಸಿದಳು. ಅಲ್ಲಿ ಒದ್ದೆ ಚಪ್ಪಲಿಯ ಗುರುತು ಇತ್ತು. ಮಳೆಯಲ್ಲಿ ಹೊರಗಿದ್ದವನು ಡ್ರೈವರ್ ಒಬ್ಬನೇ, ಒತ್ತಿಬಿಡಿ ಅತ್ತೆ ಎಂದು ಪಿಸುಗುಟ್ಟಿದಳು. ಅವಳಿಗೆ ನನ್ನ ಅಂಗಡಿ ಉಳಿಯಲಿ ಎಂಬ ಆಸೆ, ಧ್ವನಿಯಲ್ಲೇ ತಿಳಿಯುತ್ತಿತ್ತು. ನನ್ನ ಬೆರಳು ಡ್ರೈವರನ ಮುಖದವರೆಗೆ ಹೋಯಿತು. ಆದರೆ ಒದ್ದೆ ಚಪ್ಪಲಿ ಬಂದದ್ದು ಹೇಳುತ್ತದೆ, ಸುಟ್ಟದ್ದನ್ನು ಹೇಳುವುದಿಲ್ಲವಲ್ಲ. ಕೆಲಸದಾಕೆಯ ಸುಳ್ಳನ್ನು ಹಿಡಿದು ಒಂದು ಸಲ ಮೋಸಹೋದದ್ದೂ ಹೀಗೇ. ಬೆರಳು ಹಿಂದಕ್ಕೆ ತೆಗೆದೆ.

ಓದುವುದನ್ನು ಬಿಟ್ಟು ಅಂಗಿಯ ಚಿತ್ರ ದೊಡ್ಡದು ಮಾಡಿ ನೋಡಿದೆ. ಅಕ್ಷರ ಕೈ ಕೊಟ್ಟರೂ ಅಂಗಿ ನನಗೆ ಕೈ ಕೊಡುವುದಿಲ್ಲ. ಚಿತ್ರದಲ್ಲಿ ಅಂಗಿ ಹಾಸಿದ್ದ ಮೇಜೂ ನನ್ನ ಮೇಜಿನ ಹಾಗೆಯೇ ಗೋಡೆಗೆ ತಾಗಿತ್ತು, ಅಂದಮೇಲೆ ನಿಲ್ಲಲು ಇರುವುದು ಒಂದೇ ಕಡೆ. ಗುರುತಿನ ಚೂಪು ತುದಿ, ನಾವು ಪೆಟ್ಟಿಗೆಯ ಮೂತಿ ಅನ್ನುತ್ತೇವೆ, ಅದು ಬಲಕ್ಕೆ ವಾಲಿತ್ತು. ನಾನು ಸಾವಿರಾರು ಅಂಗಿ ತಿಕ್ಕಿದ್ದೇನೆ, ನನ್ನ ಪೆಟ್ಟಿಗೆಯ ಮೂತಿ ಒಂದು ದಿನವೂ ಬಲಕ್ಕೆ ವಾಲಿದ್ದಿಲ್ಲ.

ಎದ್ದು ನಿಂತೆ. ಮೇಜಿನ ಮೇಲೆ ಹಳೇ ಬಿಳಿ ಬಟ್ಟೆಯೊಂದನ್ನು ಹಾಸಿ, ಸ್ವಿಚ್ ಒತ್ತಿ, ಪೆಟ್ಟಿಗೆ ಕೈಗೆತ್ತಿಕೊಂಡು, ಇಲ್ಲಿ ಬಾ ಎಂದು ತಮ್ಮನನ್ನು ಕರೆದೆ. ಬಲಗೈಯಲ್ಲಿ ಹಿಡಿದು ಬಟ್ಟೆಯ ಮೇಲೆ ಇಟ್ಟು ತೋರಿಸಿದೆ. ಮೊಣಕೈ ಬಲಗಡೆ ಇರುತ್ತದೆ, ಮೂತಿ ತಾನಾಗಿ ಎಡಕ್ಕೆ ವಾಲುತ್ತದೆ, ಬೇರೆ ಥರ ಹಿಡಿದರೆ ಮಣಿಕಟ್ಟು ನೋಯುತ್ತದೆ. ಆಮೇಲೆ ಎಡಗೈಗೆ ಬದಲಾಯಿಸಿ ಇಟ್ಟೆ. ಮೂತಿ ಬಲಕ್ಕೆ ಬಂತು, ಚಿತ್ರದಲ್ಲಿದ್ದ ಹಾಗೇ. ಅವರಿಬ್ಬರೂ ಸರಿಯಾಗಿ ನೋಡಲೆಂದು ಅದನ್ನು ಹಾಗೇ ಬಿಟ್ಟು, ಫೋನು ತೆಗೆದುಕೊಂಡು, ನಾಲ್ವರ ಚಿತ್ರಗಳನ್ನು ಒಂದೊಂದಾಗಿ ದೊಡ್ಡದು ಮಾಡಿದೆ. ಡ್ರೈವರ್ ಬಟ್ಟೆ ಹಿಡಿದದ್ದು ಬಲಗೈಯಲ್ಲಿ. ಭಾವಮೈದನ ವಾಚು ಬಲಗೈಯಲ್ಲಿತ್ತು, ಟೀ ಕಪ್ಪಿನ ಹಿಡಿ ಅವನ ಎಡಕ್ಕೆ ತಿರುಗಿತ್ತು.

"ಹಾಲ್ ಬಿಟ್ಟು ಕದಲಿಲ್ಲ ಅಂದವನೇ ಸುಟ್ಟಿದ್ದು. ಎಡಗೈಯವನು," ಅಂದೆ.

ತಮ್ಮ ಚಿತ್ರ ನೋಡಿದ, ತನ್ನ ಎರಡೂ ಕೈಗಳನ್ನು ಗಾಳಿಯಲ್ಲಿ ಆಡಿಸಿ ನೋಡಿಕೊಂಡ. ಒತ್ತು ಎಂದು ತಲೆಯಾಡಿಸಿದ. ಭಾವಮೈದನ ಮುಖದ ಮೇಲೆ ಬೆರಳಿಟ್ಟೆ. ಪರದೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಹಸಿರು ಬೆಳಕು ಬಂತು, ಭಾವಮೈದ ತಲೆ ತಗ್ಗಿಸಿ ತಪ್ಪೊಪ್ಪಿಕೊಂಡ.

ಹುಡುಗಿ ನನ್ನನ್ನು ತಬ್ಬಿಕೊಂಡು, ಅಮ್ಮನಿಗೆ ಹೇಳಲು ಮೆಟ್ಟಿಲು ಹತ್ತಿ ಓಡಿದಳು. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ತಮ್ಮ ನನ್ನ ಭುಜ ಮುಟ್ಟಿ, ತಪ್ಪು ನನ್ನದೇ ಅಕ್ಕ, ನಾನೇ ಹೋಗಿ ಹೇಳ್ತೀನಿ ಅಂದು ಹೊರಗೆ ಹೋದ. ಅವನ ಕಣ್ಣು ಒದ್ದೆಯಾಗಿತ್ತು. ಅವನಿಗೂ ನಾನು ಸೋಲುವುದು ಬೇಕಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ನಾನು ಸ್ಟೂಲನ್ನು ಬಾಗಿಲ ಹತ್ತಿರ ಎಳೆದುಕೊಂಡು ಕೂತು ತಮಾಷೆ ನೋಡಿದೆ. ರಿಪೇರಿಯವನು ಟೇಪನ್ನು ಜೇಬಿನಿಂದ ತೆಗೆಯುವುದು, ಮತ್ತೆ ಒಳಗಿಡುವುದು, ತಮ್ಮ ಕೈ ಮುಗಿಯುವುದು. ಅವನು ಬೇಸರದಿಂದ ಏನೋ ಅಂದ, ಇವನು ಸಮಾಧಾನ ಹೇಳಿದ. ಹತ್ತು ನಿಮಿಷವಾದರೂ ಮಾತಾಡಿರಬೇಕು. ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೆಯಬೇಕು, ಯಾರ ಮನೆಗೆ ಮೊದಲು ಹೇಳಿ ಕಳಿಸಬೇಕು ಎಂದು ಲೆಕ್ಕ ಹಾಕುತ್ತ ನಾನು ಬೀಗುತ್ತಿದ್ದೆ. ಅಷ್ಟು ಖುಷಿಯಾಗಿ ನಾನು ಎಷ್ಟೋ ದಿನದಿಂದ ಕೂತಿರಲಿಲ್ಲ.

ಮೇಜು ಒರೆಸೋಣ ಎಂದು ತಿರುಗಿದೆ. ಪೆಟ್ಟಿಗೆ ನಾನು ಇಟ್ಟ ಹಾಗೇ ಇತ್ತು, ಮುಖ ಕೆಳಗೆ. ಅದರ ಸುತ್ತಲಿನ ಬಟ್ಟೆ ಕಂದಾಗಿ, ಕಪ್ಪಾಗಿ, ಅಂಚಿನಿಂದ ಬಿಳಿ ಹೊಗೆ ಎದ್ದು ಸೀಲಿಂಗಿನವರೆಗೆ ಹೋಗುತ್ತಿತ್ತು.

ಓಡಿಹೋಗಿ ಪ್ಲಗ್ ಕಿತ್ತೆ, ಪೆಟ್ಟಿಗೆ ಎತ್ತಿ ನಿಲ್ಲಿಸಿದೆ, ನೀರಿನ ಬಾಟಲಿ ಪೂರ್ತಿ ಸುರಿದೆ. ಬಟ್ಟೆ ತೂತಾಗಿತ್ತು, ಕೆಳಗಿನ ಕಂಬಳಿ ತೂತಾಗಿತ್ತು, ಮೇಜಿನ ಮರ ಕರಿಕಾಗಿತ್ತು. ತೋರಿಸುವುದಕ್ಕೆ ಪೆಟ್ಟಿಗೆ ಬಿಸಿಯಾಗಬೇಕಿರಲಿಲ್ಲ. ಮೇಜಿನ ಮುಂದೆ ನಿಂತ ಕೂಡಲೇ ಮೂವತ್ತು ವರ್ಷ ಸ್ವಿಚ್ ಒತ್ತಿದ ಕೈ ತನ್ನ ಪಾಡಿಗೆ ಒತ್ತಿತ್ತು. ಆರಿಸುವುದಕ್ಕೆ ಮಾತ್ರ ಅದಕ್ಕೆ ನೆನಪಾಗಿರಲಿಲ್ಲ. ನನಗೂ ಆಗಿರಲಿಲ್ಲ.

ಅದಕ್ಕಿಂತ ಹೆದರಿಕೆಯ ಸಂಗತಿ ಇನ್ನೊಂದು ನಿಧಾನವಾಗಿ ತಲೆಗೆ ಬಂತು. ಇಸ್ತ್ರಿಯವರಿಗೆ ಕಣ್ಣಿಗಿಂತ ಮೊದಲು ಮೂಗು ಎಚ್ಚರಿಸುತ್ತದೆ. ಬಟ್ಟೆ ಕಂದುವುದಕ್ಕೆ ಮುಂಚೆ ಅದರ ಕಮಟು ವಾಸನೆ ಬರುತ್ತದೆ, ನಿದ್ದೆಯಲ್ಲಿದ್ದರೂ ಎಬ್ಬಿಸುವಂಥದ್ದು. ಇಲ್ಲಿ ಹೊಗೆಯ ನಡುವೆ ನಿಂತಿದ್ದೆ, ಕಣ್ಣು ಉರಿಯುತ್ತಿತ್ತು, ಮೂಗಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಬಗ್ಗಿ ಕರಿಕಾದ ಬಟ್ಟೆಗೆ ಮೂಗು ತಾಗಿಸಿ ಉಸಿರೆಳೆದೆ. ಏನೂ ಇಲ್ಲ. ತಲೆಗೆ ಏಟಾಗಿ ಆಸ್ಪತ್ರೆಯಿಂದ ಬಂದಾಗಿನಿಂದ ತಮ್ಮನ ಹೆಂಡತಿಯ ಅಡುಗೆಗೆ ರುಚಿಯಿಲ್ಲ, ಅವಳಿಗೆ ನನ್ನ ಮೇಲೆ ಬೇಜಾರು ಎಂದುಕೊಂಡಿದ್ದೆ. ಪಾಪ, ಅವಳ ಕೈ ಸರಿಯಾಗಿಯೇ ಇತ್ತು.

ಹೊರಗೆ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಯೋಚನೆಗೆ ಇದ್ದದ್ದು ಅಷ್ಟೇ ಹೊತ್ತು. ಬಟ್ಟೆ, ಕಂಬಳಿ ಸುತ್ತಿ ಹಿಂದಿನ ತೊಟ್ಟಿಗೆ ಹಾಕಿ, ಮೇಜಿನ ಮೇಲೆ ಹೊಸ ಹಾಸು ಎಳೆದರೆ ಯಾರಿಗೂ ಕಾಣಿಸದು. ಕಂಡರೂ ನನ್ನದೇ ಜಾಣತನದ ಪ್ರಕಾರ ಇದು ಎಡಗೈಯವರು ಮಾಡಿದ ಗುರುತು, ನಮ್ಮ ಮನೆಯಲ್ಲಿ ಎಡಗೈಯವರೇ ಇಲ್ಲ. ಮೇಲಿನಿಂದ ತಾಯಿ ಮಗಳು ನಗುವುದು ಕೇಳಿಸುತ್ತಿತ್ತು. ನನ್ನ ಸುದ್ದಿಯನ್ನೇ ಹೇಳಿಕೊಂಡು ನಗುತ್ತಿದ್ದರು. ಅವರ ಕಾಲ ಕೆಳಗಿನ ಹಲಗೆಯ ಸಂದಿಗೆ ಹೊಗೆಯ ಎಳೆಯೊಂದು ಇನ್ನೂ ಸೇರುತ್ತಿತ್ತು.

ಸ್ಕೂಟರ್ ಸ್ಟಾರ್ಟ್ ಆಯಿತು. ನಾನು ಬಾಗಿಲಿಗೆ ಬಂದು ಚೌಕಟ್ಟು ಹಿಡಿದುಕೊಂಡೆ.

"ತಮ್ಮಾ, ಅವರನ್ನ ಕಳಿಸಬೇಡ," ಅಂದೆ. "ಒಳಗೆ ಬಾ. ಇಲ್ಲಿ ಏನಾದ್ರೂ ವಾಸನೆ ಬರ್ತಿದೆಯಾ ಅಂತ ನನಗೆ ಹೇಳು."