ಎಂಟಕ್ಕೆ ಹೊರಟ ಇಬ್ಬರು

ಕುರುಗೋಡಿನ ಹಂಪಮ್ಮ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಂಡಕ್ಕಿ ಒಗ್ಗರಣೆ-ಮಿರ್ಚಿಯ ಬಂಡಿ ಇಟ್ಟುಕೊಂಡಿದ್ದಳು. ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಗಣಿ ಧಣಿ ಎರ್ರಣ್ಣ ಅದಿರು ಮಾರಲು ಹಾಂಗ್‌ಕಾಂಗಿಗೆ ಹೋಗಿ, ಅಲ್ಲಿನ ಊಟ ಗಂಟಲಲ್ಲಿ ಇಳಿಯದೆ ಸೊರಗಿ ಬಂದಿದ್ದ. ಎರಡನೆಯ ಸಲ ಹೊರಟಾಗ ಅಡುಗೆಗೆಂದು ಹಂಪಮ್ಮನನ್ನೇ ಕರೆದ.

ಅವಳ ಗಂಡ ಓಬಣ್ಣ ಅದಿರಿನ ಲಾರಿ ಓಡಿಸುತ್ತಿದ್ದ. ಅವನಿಗೆ ಇದು ಸರಿಬರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಟಿಕೆಟ್ ಅಂಗಡಿಯ ಸಮೀಉಲ್ಲಾನ ಹತ್ತಿರ ವಿಚಾರಿಸಲು ಹೋದ.

“ಬೆಂಗಳೂರಿಂದ ನಾಕು ಸಾವಿರ ಕಿಲೋಮೀಟರ್ ಆಕ್ಕತಿ,” ಎಂದ ಸಮೀಉಲ್ಲಾ. “ಆರು ತಾಸಿನ್ಯಾಗ ಇಳೀತೀರಿ, ಹಂಪಕ್ಕ.”

“ಸುಳ್ಳು ಹೇಳಾಕೂ ಒಂದು ಲೆಕ್ಕ ಇರ್ಬೇಕಪಾ,” ಎಂದ ಓಬಣ್ಣ. “ಸಂಡೂರಿನ ಗಣಿಯಿಂದ ಬಳ್ಳಾರಿಗೆ ಅರವತ್ತು ಕಿಲೋಮೀಟರ್. ಲಾರಿಗಳ ಸಾಲಿನ್ಯಾಗ ಅದಕ್ಕ ನನಗ ಆರು ತಾಸು ಹಿಡೀತತಿ.”

ಹಂಪಮ್ಮ ಹೋಗಿಯೇಬಿಟ್ಟಳು. ಅಲ್ಲಿ ಇಳಿದೊಡನೆ ಎರ್ರಣ್ಣ ಅವಳ ಗಡಿಯಾರದ ಮುಳ್ಳನ್ನು ಎರಡೂವರೆ ತಾಸು ಮುಂದಕ್ಕೆ ತಿರುಗಿಸಿಕೊಟ್ಟ. ಇಲ್ಲಿ ಹೊತ್ತು ನಮಗಿಂತ ಮೊದಲೇ ಹುಟ್ಟುತ್ತದೆ, ಹೋದ ತಾಸುಗಳು ಮರಳುವಾಗ ವಾಪಸು ಸಿಗುತ್ತವೆ ಎಂದ. ಎಂಟು ದಿನ ಮಿರ್ಚಿ ಕರಿಯುತ್ತ, ಅದನ್ನು ತಿಂದು ಬೆವರೊರೆಸಿಕೊಳ್ಳುತ್ತಲೇ ಮತ್ತೆ ತಟ್ಟೆ ಚಾಚುವ ಚೀನಾದ ವ್ಯಾಪಾರಿಗಳನ್ನು ನೋಡುತ್ತ, ಅವಳು ಆ ಮಾತನ್ನೇ ಮೆಲುಕು ಹಾಕಿದಳು. ಹೊರಡುವ ಮುನ್ನಾದಿನ ಗಂಡನಿಗೆ ಫೋನು ಹಚ್ಚಿದಳು.

“ನಾಳೆ ಮುಂಜಾನಿ ಎಂಟಕ್ಕ ನನ್ನ ವಿಮಾನ. ನೀನೂ ಎಂಟಕ್ಕ ಗಣಿಯಿಂದ ಲಾರಿ ಬಿಡು. ನಾ ಬೆಂಗಳೂರು ಮುಟ್ಟೋದ್ರಾಗ ನೀ ಬಳ್ಳಾರಿ ಮುಟ್ಟಿದ್ರ, ಇನ್ನ ಯಾವತ್ತೂ ವಿಮಾನ ಹತ್ತಂಗಿಲ್ಲ. ನೀ ಸೋತ್ರ ಒಂದು ವಾರ ನನ್ನ ಬಂಡಿ ಮುಂದ ನಿಂತು ಮಿರ್ಚಿ ಕರೀಬೇಕು.”

“ಆತು,” ಎಂದ ಓಬಣ್ಣ, ಗೆದ್ದೇಬಿಟ್ಟೆನೆಂಬಂತೆ.

ಮರುದಿನ ಹನ್ನೊಂದೂವರೆಗೆ ಅವನ ಫೋನು ಬಡಿದುಕೊಂಡಿತು. “ಇಳಿದೆ,” ಎಂದಳು ಹಂಪಮ್ಮ. ಅವನಿನ್ನೂ ತೋರಣಗಲ್ಲಿನಲ್ಲಿ ಲಾರಿಗಳ ಸಾಲಿನೊಳಗೆ ಸಿಕ್ಕಿಕೊಂಡಿದ್ದ. ಬಳ್ಳಾರಿ ಸೇರಿದಾಗ ಒಂದೂವರೆ.

ಎಂಟಕ್ಕೆ ಹೊರಟವಳು ಮೂರೂವರೆ ತಾಸಿನಲ್ಲಿ ಹೇಗೆ ಬಂದಳು? ಅವಳು ಊರಿಗೆ ಬಂದದ್ದೇ ತಡ, ಓಬಣ್ಣ ಪಂಚಾಯ್ತಿಯನ್ನು ಟಿಕೆಟ್ ಅಂಗಡಿಗೇ ಒಯ್ದ.

ಸಮೀಉಲ್ಲಾ ನಕ್ಕ. “ಅಲ್ಲಿ ಎಂಟಾದಾಗ ಇಲ್ಲಿ ಐದೂವರಿ, ಓಬಣ್ಣ. ನಿನಗಿಂತ ಎರಡೂವರಿ ತಾಸು ಮೊದ್ಲ ಹೊಂಟು ಅಕ್ಕ ಆರು ತಾಸು ಹಾರ್ಯಾಳ. ನೀ ಓಡ್ಸಿದ್ದು ಐದೂವರಿ ತಾಸು. ಗೆದ್ದಾಂವ ನೀನ.”

ಹಂಪಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. “ನನಗ ಗೊತ್ತಿತ್ತು,” ಎಂದು ಒಪ್ಪಿಕೊಂಡಳು. “ಮಾತಂದ್ರ ಮಾತು. ಇನ್ನ ಹೋಗಂಗಿಲ್ಲ.”

ಗೆದ್ದರೂ ಓಬಣ್ಣನಿಗೆ ಸಮಾಧಾನವಿರಲಿಲ್ಲ. ನಾಲ್ಕು ಸಾವಿರಕ್ಕೆ ಆರು ತಾಸು, ಅರವತ್ತಕ್ಕೆ ಐದೂವರೆ: ಸ್ಟೇರಿಂಗ್ ಹಿಡಿದಾಗಲೆಲ್ಲ ಇದೇ ತಲೆಯಲ್ಲಿ ಸುತ್ತುತ್ತಿತ್ತು.

ತಿಂಗಳ ಮೇಲೆ ಎರ್ರಣ್ಣ ಬಂಡಿಯ ಮುಂದೆ ಕಾರು ನಿಲ್ಲಿಸಿ, ಮತ್ತೆ ಹಾಂಗ್‌ಕಾಂಗಿಗೆ ಬಾ ಎಂದ. “ಇಲ್ರಿ ಧಣಿ, ನನ್ನ ಗಂಡಗ ಮಾತು ಕೊಟ್ಟೀನಿ,” ಎಂದಳು ಹಂಪಮ್ಮ.

ಪಕ್ಕದಲ್ಲಿ ಒಗ್ಗರಣೆ ತಿನ್ನುತ್ತಿದ್ದ ಓಬಣ್ಣ ಕೈ ತೊಳೆದುಕೊಂಡ. “ಆ ಮಾತು ನಾ ವಾಪಸ್ ಕೊಟ್ಟೀನ್ರಿ, ಬರ್ತಾಳ. ಆದ್ರ ಮೆಣಸಿನಕಾಯಿ ಸೀಳಾಕ ಆಕೀಗೆ ಒಂದಾಳು ಬೇಕಾಕ್ಕತಿ. ನಾ ಅದೀನಿ.”

ಎರ್ರಣ್ಣ ಇಬ್ಬರ ಮುಖವನ್ನೂ ನೋಡಿ ಹೂಂ ಅಂದ. ಅವತ್ತೇ ಓಬಣ್ಣ ಪಾಸ್‌ಪೋರ್ಟಿನ ಫೋಟೊ ತೆಗೆಸಲು ಹೋದ. ಮೀಸೆ ಸರಿಯಾಗಿ ಬಿದ್ದಿಲ್ಲವೆಂದು ಮೂರು ಸಲ ತೆಗೆಸಿದ.